ಗುಜರಿ ಬಾಟಲಿಗೆ ಮನೆ ವೈನು ತುಂಬುವ ಮುನ್ನ

ಮೊದಲ ವರ್ಷ ಹನ್ನೆರಡು ಬಾಟಲಿ ವೈನ್ ತುಂಬಿಸಿಟ್ಟಿದ್ದೆ. ಕ್ರಿಸ್‌ಮಸ್ ಹೊತ್ತಿಗೆ ತೆರೆದರೆ ಮೂರು ಬಾಟಲಿ ಥೇಟ್ ವಿನೆಗರ್. ಉಳಿದ ಒಂಬತ್ತಕ್ಕೆ ಏನೂ ಆಗಿರಲಿಲ್ಲ. ದೊಡ್ಡಬಳ್ಳಾಪುರ ಕಡೆಯ ಅದೇ ಬೆಂಗಳೂರು ಬ್ಲೂ ದ್ರಾಕ್ಷಿ, ಅದೇ ಪಿಂಗಾಣಿ ಜಾಡಿ, ಒಂದೇ ಮಧ್ಯಾಹ್ನ ಒಂದೇ ಕೊಳವೆಯಲ್ಲಿ ಇಳಿಸಿದ್ದು. ಅಂದರೆ ತಪ್ಪು ವೈನಿನದ್ದಲ್ಲ, ಬಾಟಲಿಯದ್ದು.

ಮೂರನ್ನೂ ಖಾಲಿ ಮಾಡಿ ಕಿಟಕಿಯ ಬಿಸಿಲಿಗೆ ಹಿಡಿದೆ. ತಳದ ಗುಬುಟು ಗೋಡೆಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ತೆಳು ಕಂದು ಉಂಗುರ. ವೈನಿನ ಗಸಿಯಾಗಿದ್ದರೆ ಎರಡು ಸಲ ನೀರು ಕುಲುಕಿದರೆ ಹೋಗಬೇಕಿತ್ತು. ಇದು ಹೋಗಲಿಲ್ಲ. ತಂತಿ ಬಗ್ಗಿಸಿ ಕೆರೆದಾಗ ಹಾಲಿನ ಪಾತ್ರೆಯ ಸೀಕಿನ ಹಾಗೆ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ತಮಾಷೆ ಎಂದರೆ ಆ ಮೂರನ್ನೂ ನಾನು ಕೆ.ಎಂ.ಎಸ್. ನೀರಿನಲ್ಲಿ ಜಾಲಾಡಿಸಿಯೇ ತುಂಬಿದ್ದು. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಸ್ಕ್ವಾಷ್, ಜಾಮ್ ಮಾಡುವವರಿಗೆ ಗೊತ್ತಿರುವ ಪುಡಿಯೇ. ಆದರೆ ಕೊಳೆಯ ಪದರದ ಕೆಳಗೆ ಅದು ಇಳಿಯುವುದಿಲ್ಲ. ತೊಳೆಯುವುದು ಒಂದು ಕೆಲಸ, ಸೋಂಕು ಕಳೆಯುವುದು ಇನ್ನೊಂದು. ನಾನು ಎರಡನೆಯದನ್ನು ಮಾಡಿ ಮೊದಲನೆಯದೂ ಆಯಿತು ಅಂದುಕೊಂಡಿದ್ದೆ.

ಬಾಟಲಿ ತರುವುದು ಗುಜರಿ ಅಂಗಡಿಯಿಂದ. ಗೋಣಿಚೀಲದಲ್ಲಿ ಗಲಗಲ ಅನ್ನುತ್ತಾ ಗೇಟಿನೊಳಗೆ ಬರುವಾಗ ಎದುರುಮನೆಯವರು ನೋಡುವ ನೋಟಕ್ಕೆ ಈಗ ಒಗ್ಗಿಹೋಗಿದ್ದೇನೆ. ಅಲ್ಲೇ ಒಂದೊಂದನ್ನೂ ಮೂಸಿ ಆರಿಸುತ್ತೇನೆ. ರಮ್ಮಿನ ವಾಸನೆ ಇದ್ದರೆ ಚಿಂತೆಯಿಲ್ಲ, ಹೋಗುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಕೀಟನಾಶಕ, ಏನೆಂದು ಹೇಳಲಾಗದ ಘಾಟು, ಇವು ಬಂದರೆ ಪುಕ್ಕಟೆ ಕೊಟ್ಟರೂ ಬೇಡ. ಬಾಯಿಯ ಅಂಚಿನಲ್ಲಿ ಉಗುರು ಆಡಿಸಿದಾಗ ಚೂರು ತಡೆದರೂ ಬೇಡ, ಅಲ್ಲಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಕೆಲವು ವಿಸ್ಕಿ ಬಾಟಲಿಯ ಕುತ್ತಿಗೆಯಲ್ಲಿ ಮತ್ತೆ ತುಂಬದಂತೆ ಪ್ಲಾಸ್ಟಿಕ್ ಗಂಟಲು ಕೂರಿಸಿರುತ್ತಾರೆ. ಅದನ್ನು ಕೀಳುವಾಗ ಒಮ್ಮೆ ಹೆಬ್ಬೆರಳು ಕೊಯ್ದುಕೊಂಡ ಮೇಲೆ ಅಂಥವನ್ನು ಮುಟ್ಟುವುದೇ ಬಿಟ್ಟೆ.

ಮನೆಗೆ ಬಂದ ಮೇಲೆ ಸ್ನಾನದ ಟಬ್ಬಿನಲ್ಲಿ ಬಿಸಿನೀರು, ಬಕೆಟ್ಟಿಗೆ ಒಂದು ಹಿಡಿ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ. ಕೈಗೆ ರಬ್ಬರ್ ಗ್ಲೌಸ್. ಒಳಗೂ ನೀರು ತುಂಬುವಂತೆ ಮುಳುಗಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಹೆಚ್ಚಿನ ಲೇಬಲ್‌ಗಳು ತಾವೇ ತೇಲುತ್ತಿರುತ್ತವೆ. ಆಮೇಲೆ ಉದ್ದ ಬ್ರಷ್ಷು. ಬ್ರಷ್ ತಲುಪದ ಆ ಮೂಲೆಗೆ ಅಮ್ಮ ಹೇಳಿಕೊಟ್ಟ ಉಪಾಯ ಅಕ್ಕಿ: ಒಂದು ಹಿಡಿ ಅಕ್ಕಿ, ಕಾಲು ಬಾಟಲಿ ನೀರು ಹಾಕಿ ಗರಗರ ತಿರುಗಿಸುವುದು. ನುಚ್ಚಾದರೆ ಇನ್ನೂ ಒಳ್ಳೆಯದು, ಮೂಲೆಗೆ ನುಗ್ಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡುಸು, ಸೋಡಾ ಬಿದ್ದರೆ ಗಾಜಿನ ಮೇಲೆ ಬಿಳಿ ಮಬ್ಬು ಕೂರುತ್ತದೆ. ಅದಕ್ಕೆ ಸ್ವಲ್ಪ ವಿನೆಗರ್ ನೀರು ಆಡಿಸಿ ಮತ್ತೆ ತೊಳೆಯುತ್ತೇನೆ. (ಹಾಳಾದ ಆ ಮೂರು ಬಾಟಲಿ ಈ ಕೆಲಸಕ್ಕೇ ಖರ್ಚಾದವು.) ತೊಳೆದಾದ ಮೇಲೆ ಪ್ರತಿಯೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಬೇಕು. ಒಳಗೆ ನೀರು ಹಾಳೆಯಂತೆ ಸಮನಾಗಿ ಜಾರಬೇಕು. ಅಲ್ಲಲ್ಲಿ ಹನಿಗಟ್ಟಿ ನಿಂತರೆ ಜಿಡ್ಡು ಇದೆ ಎಂದೇ ಅರ್ಥ.

ಕುದಿಯುವ ನೀರೇ ಸಾಕಲ್ಲವೇ ಎಂದು ಎರಡನೇ ವರ್ಷ ಅದನ್ನೂ ಮಾಡಿ ನೋಡಿದೆ. ಡಿಸೆಂಬರ್ ಬೆಳಿಗ್ಗೆ, ತಣ್ಣಗೆ ಕೊರೆಯುತ್ತಿದ್ದ ಬಾಟಲಿಗೆ ಕೆಟಲ್‌ನಿಂದ ನೇರ ಸುರಿದೆ. ಟಕ್ ಎಂದು ಒಂದೇ ಸದ್ದು. ಎತ್ತಿದರೆ ಕೊಳವೆ ಕೈಯಲ್ಲಿ, ಬುಡ ಬಿಲ್ಲೆಯ ಹಾಗೆ ಸಿಂಕಿನಲ್ಲಿ, ನೀರು ಕಾಲ ಮೇಲೆ. ಮನೆಯಲ್ಲೇ ಬಿಯರ್ ಮಾಡುವ ಗೆಳೆಯನೊಬ್ಬ ಬಾಯಿಗೆ ಫಾಯಿಲ್ ಸುತ್ತಿ ತಣ್ಣನೆಯ ಓವನ್ನಿನಲ್ಲಿಟ್ಟು, ನಿಧಾನ ಏರಿಸಿ, 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಟ್ಟು, ಅಲ್ಲೇ ಆರಿಸುತ್ತಾನೆ. ನನ್ನ ಓವನ್ನಿನಲ್ಲಿ ನಾಲ್ಕು ಬಾಟಲಿಯೂ ಹಿಡಿಯುವುದಿಲ್ಲ.

ಬ್ಲೀಚ್ ಕಡೆಗಂತೂ ನಾನು ಹೋಗುವುದಿಲ್ಲ. ಸೂಕ್ಷ್ಮಜೀವಿಗಳನ್ನು ಅದು ಚೆನ್ನಾಗಿಯೇ ಕೊಲ್ಲುತ್ತದೆ. ಆದರೆ ಉಳಿದ ಕ್ಲೋರಿನ್ ಬೂಷ್ಟಿನ ಜೊತೆ ಸೇರಿದರೆ ಟಿ.ಸಿ.ಎ. ಎಂಬ ವಸ್ತು ಹುಟ್ಟಬಹುದು. ಆಮೇಲೆ ವೈನಿಗೆ ಒದ್ದೆ ಪೇಪರಿನ ವಾಸನೆ. ವಿನೆಗರ್ ಜೊತೆ ಬ್ಲೀಚ್ ಬೆರೆತರೆ ವಿಷಗಾಳಿಯೇ ಏಳುತ್ತದೆ. ಒಂದೇ ಬಚ್ಚಲಲ್ಲಿ ಎರಡನ್ನೂ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ.

ಹಾಗಾಗಿ ಉಳಿದದ್ದು ಕೆ.ಎಂ.ಎಸ್. ಒಂದೇ, ಆದರೆ ಈಗ ಪೂರ್ತಿ ಶುಚಿಯಾದ ಗಾಜಿಗೆ. ಲೀಟರ್ ನೀರಿಗೆ 10 ಗ್ರಾಂ ಪುಡಿ, ಒಂದು ಚಮಚ ಸಿಟ್ರಿಕ್ ಆಸಿಡ್. ಹುಳಿ ಸೇರಿದರೇ ಅದರ ಗಂಧಕದ ಗಾಳಿ ಚುರುಕಾಗುವುದು. ಮೊದಲ ವರ್ಷ ನಾನು ಹುಳಿಯನ್ನೂ ಹಾಕಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಮಾಡುತ್ತೇನೆ. ನನ್ನ ಹೆಂಡತಿಗೆ ಉಬ್ಬಸವಿದೆ, ಆ ಹೊತ್ತಿಗೆ ಅವಳು ಬಾಗಿಲು ಹಾಕಿಕೊಂಡು ಒಳಗಿರುತ್ತಾಳೆ. ಹತ್ತು ನಿಮಿಷ ಒಳಗೆಲ್ಲ ತಾಗಿಸಿ, ಬಗ್ಗಿಸಿ, ತಲೆಕೆಳಗಾಗಿ ಸೋರಲು ಬಿಟ್ಟು, ಅದೇ ದಿನ ತುಂಬುವುದು. ನಲ್ಲಿ ನೀರಲ್ಲಿ ಮತ್ತೆ ತೊಳೆಯುವುದಿಲ್ಲ, ಕಳೆದ ಸೋಂಕನ್ನು ವಾಪಸ್ ಕರೆದಂತೆ.

ಮುಚ್ಚಳದ ಪಾಠ ಆಮೇಲೆ ಹೊಳೆದದ್ದು. ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಆ ಮೂರಕ್ಕೂ ನಾನು ಹಾಕಿದ್ದು ಹಳೆಯ ಮುಚ್ಚಳ, ಒಳಗಿನ ಬಿಲ್ಲೆ ಒತ್ತಿ ಒತ್ತಿ ಸವೆದದ್ದು. ಕೊಳೆ ಜಾಗ ಕೊಟ್ಟಿತು, ಮುಚ್ಚಳ ಗಾಳಿ ಕೊಟ್ಟಿತು. ಈಗ ಬಾಟಲಿ ಹಳೆಯದು, ಮುಚ್ಚಳ ಹೊಸದು. ಬಿರಡೆಯಾದರೂ ಅಷ್ಟೇ, ಒಮ್ಮೆ ಕಿತ್ತದ್ದು ಮತ್ತೆ ಬೇಡ. ಸಕ್ಕರೆ ಉಳಿದು ಇನ್ನೂ ಗುಳ್ಳೆ ಬಿಡುತ್ತಿರುವ ವೈನನ್ನು ಮಾತ್ರ ಯಾವ ಬಾಟಲಿಗೂ ಬಿಗಿ ಮುಚ್ಚಬೇಡಿ, ಸಿಡಿಯುತ್ತದೆ.

ನೆಂಟರಿಗೆ ಕೊಡುವಾಗ ಒಂದೇ ಮಾತು ಹೇಳುತ್ತೇನೆ: ಖಾಲಿಯಾದ ರಾತ್ರಿಯೇ ಎರಡು ಸಲ ನೀರು ಕುಲುಕಿ ಬೋರಲು ಹಾಕಿಡಿ. ಆ ಕಂದು ಉಂಗುರ ಕಟ್ಟುವುದು ಗಸಿ ಒಣಗಿದ ಮೇಲೆಯೇ. ಹೆಚ್ಚಿನವರು ಹಾಗೇ ಮಾಡಿ ವಾಪಸ್ ಕೊಡುತ್ತಾರೆ. ನನ್ನ ಭಾವ ಮಾತ್ರ ನಾಲ್ಕು ಒಳ್ಳೆಯ ಬಾಟಲಿಗೆ ಮನಿಪ್ಲಾಂಟ್ ಹಾಕಿ ಸಾಲಾಗಿ ಕಿಟಕಿಯಲ್ಲಿಟ್ಟಿದ್ದಾರೆ. ಹೋದಾಗಲೆಲ್ಲ ಒಳಗಿನ ಹಸಿರು ಪಾಚಿ ಇನ್ನೊಂದು ಬೆರಳು ಮೇಲೇರಿರುತ್ತದೆ.