ಒಬ್ಬರಿಗೆ ಮಂಗಳೂರು, ಒಬ್ಬರಿಗೆ ಮಣಿಪಾಲ: ಮನೆ ಎಲ್ಲಿ ಮಾಡಬೇಕು?

ದಂಪತಿಗಳಲ್ಲಿ ಒಬ್ಬರಿಗೆ ಮಂಗಳೂರಿನಲ್ಲಿ, ಇನ್ನೊಬ್ಬರಿಗೆ ಮಣಿಪಾಲದಲ್ಲಿ ಉದ್ಯೋಗವಿದ್ದರೆ, ಸುಮಾರು 60 ಕಿಲೋಮೀಟರ್ ದಾರಿಯ ನಟ್ಟನಡುವೆ ಮನೆ ಹಿಡಿಯುವುದೇ ನ್ಯಾಯವೆಂದು ತೋರುತ್ತದೆ. ದೂರವನ್ನು ಅಳೆಯುವ ಮೊದಲು ಇಬ್ಬರ ಕೆಲಸದ ವೇಳೆಯನ್ನು ಬರೆದುಕೊಳ್ಳಿ. ಆಸ್ಪತ್ರೆಯ ರಾತ್ರಿ ಪಾಳಿಯವರು ಅಥವಾ ಪಣಂಬೂರು, ಬೈಕಂಪಾಡಿ ಕಡೆಯ ಕಾರ್ಖಾನೆಗಳಲ್ಲಿ ಶಿಫ್ಟಿನಲ್ಲಿ ದುಡಿಯುವವರು ಯಾರೋ, ಅವರ ಕಡೆಗೇ ಮನೆ ವಾಲಬೇಕು. ಹಗಲಿನ ಕಚೇರಿಯವರಿಗೆ ಹೇಗೂ ಎಕ್ಸ್‌ಪ್ರೆಸ್ ಬಸ್ಸು ಸಿಗುತ್ತದೆ.

ಮಂಗಳೂರು ಎಂದರೆ ಯಾವ ಮಂಗಳೂರು ಎಂಬುದೂ ಮುಖ್ಯ. ನಗರದ ಉತ್ತರಕ್ಕೆ, ಮಣಿಪಾಲದ ದಾರಿಯಲ್ಲೇ ಇರುವ ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಅಥವಾ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ ಕೆಲಸವಾದರೆ ಕೂಳೂರು, ಕೊಟ್ಟಾರ ಚೌಕಿ, ನಂತೂರುಗಳ ವಾಹನ ದಟ್ಟಣೆಯ ಗೊಡವೆಯೇ ಇರುವುದಿಲ್ಲ. ದಕ್ಷಿಣದ ದೇರಳಕಟ್ಟೆಗೋ ಮುಡಿಪುವಿಗೋ ಹೋಗಬೇಕಾದವರು ಮಾತ್ರ ಇಡೀ ನಗರವನ್ನು ದಾಟಬೇಕು. ಅಂಥವರಿಗೆ ನಡುದಾರಿಯ ಮನೆಯಿಂದ ಇಬ್ಬರೂ ಬಳಲುವುದೇ ಹೊರತು ಲಾಭವಿಲ್ಲ, ಒಂದು ತುದಿಯಲ್ಲಿ ಮನೆ ಮಾಡಿ ಇನ್ನೊಂದು ತುದಿಯಲ್ಲಿ ಪಿಜಿ ಹಿಡಿಯುವುದೇ ಮೇಲೆಂದು ನನ್ನ ಅಭಿಪ್ರಾಯ.

ನಡುದಾರಿಯೇ ಸರಿಯೆಂದಾದರೆ ಆಯ್ಕೆ ಸಾಮಾನ್ಯವಾಗಿ ಮೂಲ್ಕಿ ಅಥವಾ ಪಡುಬಿದ್ರಿಗೆ ಬಂದು ನಿಲ್ಲುತ್ತದೆ. ಎರಡರ ನಡುವೆ ಇರುವುದು ಕೆಲವೇ ಕಿಲೋಮೀಟರ್, ಆದರೆ ಆ ನಡುವಿನಲ್ಲೇ ಶಾಂಭವಿ ಹೊಳೆ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಗಡಿ, ಹಾಗೂ ಹೆಜಮಾಡಿಯ ಟೋಲ್ ಗೇಟ್ ಮೂರೂ ಇವೆ. ಕಾರಿನಲ್ಲಿ ಓಡಾಡುವವರು ಮಣಿಪಾಲದವರಾದರೆ ಪಡುಬಿದ್ರಿ, ಮಂಗಳೂರಿನವರಾದರೆ ಮೂಲ್ಕಿ ಆರಿಸಿಕೊಂಡರೆ ದಿನನಿತ್ಯದ ಟೋಲ್ ಉಳಿಯುತ್ತದೆ. ಗಡಿಯ ತೊಡಕು ತಿಳಿಯುವುದು ಮಳೆಗಾಲದಲ್ಲಿ: ಶಾಲೆಗಳಿಗೆ ಮಳೆಯ ರಜೆಯನ್ನು ಆಯಾ ಜಿಲ್ಲಾಡಳಿತ ಘೋಷಿಸುವುದರಿಂದ, ದಕ್ಷಿಣ ಕನ್ನಡದ ಶಾಲೆಯಲ್ಲಿ ಓದುವ ಮಗುವಿಗೆ ರಜೆಯಿದ್ದು ಉಡುಪಿ ಜಿಲ್ಲೆಯಲ್ಲಿ ಪಾಠ ಮಾಡುವ ತಾಯಿಗೆ ಇಲ್ಲದಿರಬಹುದು. ಅಂಥ ಬೆಳಿಗ್ಗೆ ಮಗುವನ್ನು ಯಾರು ನೋಡಿಕೊಳ್ಳುವುದೆಂದು ಜೂನ್‌ಗೆ ಮೊದಲೇ ಮಾತಾಡಿಕೊಳ್ಳಿ.

ರೈಲನ್ನು ನೆಚ್ಚುವವರು ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಬೇರೆ ಎಂಬುದನ್ನು ಮರೆಯಬಾರದು.

ಸಮುದ್ರದ ಬದಿಯ ಮನೆ ಚಂದವೆನಿಸಿದರೆ ಬಾವಿಯ ನೀರನ್ನು ಏಪ್ರಿಲ್, ಮೇ ತಿಂಗಳಲ್ಲಿ ಬಾಯಿಗೆ ಹಾಕಿ ನೋಡಿ. ಮಳೆ ನಿಂತ ಹೊಸತರಲ್ಲಿ ಸಿಹಿಯಾಗಿದ್ದ ನೀರು ಆಗ ಉಪ್ಪಾಗಿರಬಹುದು. ಬ್ರೋಕರ್ ಅದನ್ನು ತಾನಾಗಿ ಹೇಳುವುದಿಲ್ಲ, ಪಕ್ಕದ ಮನೆಯವರನ್ನೇ ಕೇಳಿ. ಅಡ್ವಾನ್ಸ್ ಕೊಡುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಇಬ್ಬರೂ ಅಲ್ಲಿಂದಲೇ ತಂತಮ್ಮ ಕಚೇರಿಗೆ ಹೋಗಿ, ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಕಂಡಕ್ಟರನ್ನು ಕೇಳಿಕೊಂಡು ಬನ್ನಿ.