ಆಗುಂಬೆ: ಮಳೆ ಇಳಿಯುವ ಹೊತ್ತಿಗೆ ಹೋಗಿ

ಆಗುಂಬೆಗೆ ಯಾವಾಗ ಹೋಗೋದು ಎಂದು ಯಾರಾದರೂ ಕೇಳಿದರೆ, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್ ಎನ್ನುತ್ತೇನೆ. ಜುಲೈನಲ್ಲಿ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತರೆ ಮಂಜು ಬಿಟ್ಟು ಬೇರೇನೂ ಕಾಣದು. ಬೇಸಿಗೆಯಲ್ಲಿ ಹಳ್ಳಗಳು ಸೊರಗಿರುತ್ತವೆ. ನಡುವಿನ ಈ ಕೆಲವು ವಾರ ನೀರೂ ಇರುತ್ತದೆ, ಸಂಜೆ ಆಕಾಶವೂ ಆಗಾಗ ತೆರೆಯುತ್ತದೆ.

ನಾನು ಉಡುಪಿಯಿಂದ ಮಿನಿ ಬಸ್ಸಿನಲ್ಲಿ ಹೋದೆ. ಸೋಮೇಶ್ವರ ದಾಟಿದರೆ ಘಾಟಿ, 14 ತಿರುವು. ದೊಡ್ಡ ಬಸ್ಸು ತಿರುಗಲು ಜಾಗ ಸಾಲದು, ಹಾಗಾಗಿ ಇಲ್ಲಿ ಮಿನಿ ಬಸ್ಸೇ ಗತಿ. ಕಿಟಕಿ ಪಕ್ಕ ಕೂತರೆ ಇಲ್ಲಿ ಇಷ್ಟೊಂದು ಮಳೆ ಯಾಕೆ ಅಂತ ಕಣ್ಣಿಗೇ ಕಾಣುತ್ತದೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಈ ಕಡಿದಾದ ಬೆಟ್ಟಕ್ಕೆ ತಾಗಿ, ಮೇಲೇರಿ, ತಣ್ಣಗಾಗಿ ಇಲ್ಲೇ ಸುರಿದುಬಿಡುತ್ತದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್!

ಮೊದಲು ಜೋಗಿಗುಂಡಿಗೆ ಹೋದೆ. ಊರಿಗೆ ಹತ್ತಿರ, ಜಾಸ್ತಿ ನಡೆಯಬೇಕಿಲ್ಲ. ಬಂಡೆಗಳ ನಡುವೆ ನೀರು ಧುಮುಕಿ ಗುಂಡಿ ತುಂಬುತ್ತದೆ. ಇಳಿಯಬೇಡಿ, ಆಳ ಗೊತ್ತಾಗುವುದಿಲ್ಲ. ಒನಕೆ ಅಬ್ಬಿ, ಬರ್ಕಣ ಜಲಪಾತಗಳ ಕಡೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆ ಜೋರಿದ್ದರೆ ಬಿಡುವುದಿಲ್ಲ. ಊರಿನ ಗೈಡ್ ಒಬ್ಬರನ್ನು ಕರೆದುಕೊಂಡೇ ಹೋಗಿ. ನಮ್ಮ ಗೈಡ್ ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ಇಂಬಳ ಹತ್ತಿದ್ರೆ ಎಳೀಬೇಡಿ ಮಾರಾಯ್ರೆ, ಸುಣ್ಣ ಮುಟ್ಟಿಸಿ." ಇಂಬಳ ಅಂದರೆ ಕಾಡಿನ ಜಿಗಣೆ. ಅದು ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ಎಳೆದರೆ ಗಾಯ ಇನ್ನೂ ದೊಡ್ಡದಾಗಬಹುದು. ಸುಣ್ಣ ಇಲ್ಲದಿದ್ದರೆ ಉಪ್ಪೂ ಆಗುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡೆ, ಅರ್ಧ ಕಾಟ ತಪ್ಪಿತು.

ಕಾಡಿನಲ್ಲಿ ಗಲಾಟೆ ಮಾಡದೆ ನಡೆಯುವುದು ನನಗೆ ಬಹಳ ಮುಖ್ಯ. ಇದು ಕಾಳಿಂಗ ಸರ್ಪದ ಊರು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಕಟ್ಟಿದ್ದು ಇಲ್ಲೇ. ಹಾವು ಕಾಣಲೇಬೇಕೆಂದು ಪೊದೆ ಕೆದಕುವವರನ್ನು ಕಂಡರೆ ಸಂಕಟವಾಗುತ್ತದೆ. ಅದು ಅದರ ಮನೆ, ಅಲ್ವಾ?

ಮರುದಿನ ಬೆಳಿಗ್ಗೆ ಕುಂದಾದ್ರಿ ಬೆಟ್ಟ. ಬಸ್ಸು ಮೇಲಕ್ಕೆ ಹೋಗುವುದಿಲ್ಲ, ಜೀಪು ಮಾಡಿಕೊಂಡೆ. ತುದಿಯಲ್ಲಿ ಪಾರ್ಶ್ವನಾಥನ ಬಸದಿ, ಪಕ್ಕದಲ್ಲಿ ಬಂಡೆಯ ಕೊಳ. ಬೇಗ ಹೋದರೆ ಮೋಡ ನಿಮಗಿಂತ ಕೆಳಗಿರುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ ಜಾಗ ಇದೇ.

ಸೂರ್ಯಾಸ್ತ ನೋಡಿ ಅಂದೇ ಘಾಟಿ ಇಳಿಯುವವರು ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ಕಟ್ಟೆಯ ಹತ್ತಿರದ ಕೋತಿಗಳಿಗೆ ಚಿಪ್ಸ್ ಹಾಕಬೇಡಿ. ತಿಂಡಿಯ ಆಸೆಗೆ ಅವು ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ.