ಇಂಗ್ಲಿಷ್ ಪದಗಳನ್ನು ಗುಂಪು ಮಾಡಿ ಕಲಿಸುವ ಬಗ್ಗೆ

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳ ಪೋಷಕರಿಗೆ ಒಂದು ಸಲಹೆ. ಇಂಗ್ಲಿಷ್ ಪದಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸುವ ಬದಲು, ಒಂದೇ ಅಕ್ಷರಗುಚ್ಛವಿರುವ ಪದಗಳನ್ನು ಒಟ್ಟಿಗೆ ಬರೆಸಿದರೆ ಅರ್ಥ ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ. ಉದಾಹರಣೆಗೆ, ಹೊರುವುದು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ‘ಪೋರ್ಟ್’ ಎಂಬ ತುಣುಕನ್ನು ತೆಗೆದುಕೊಳ್ಳಬಹುದು: ರೈಲು ನಿಲ್ದಾಣದಲ್ಲಿ ಹೊರೆ ಹೊರುವವನು ಪೋರ್ಟರ್, ಒಳಗೆ ತರಿಸುವುದು ಇಂಪೋರ್ಟ್, ಹೊರಗೆ ಕಳುಹಿಸುವುದು ಎಕ್ಸ್‌ಪೋರ್ಟ್, ಸುಲಭವಾಗಿ ಹೊತ್ತೊಯ್ಯಬಹುದಾದದ್ದು ಪೋರ್ಟಬಲ್. ಅಡಿಕೆಯ ಧಾರಣೆಯ ಮಾತು ಮನೆಯಲ್ಲೇ ಕೇಳುವ ನಮ್ಮ ಮಕ್ಕಳಿಗೆ ಆಮದು, ರಫ್ತು ಹೊಸ ಸಂಗತಿಗಳೇನಲ್ಲ.

ಆದರೆ ಅಕ್ಷರಗಳ ಹೋಲಿಕೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪಿ, ಇ, ಡಿ ಎಂಬ ಮೂರು ಅಕ್ಷರಗಳು ಪೆಡಲ್, ಪೆಡೆಸ್ಟ್ರಿಯನ್ ಪದಗಳಲ್ಲಿ ಕಾಲನ್ನು ಸೂಚಿಸುತ್ತವೆ (ಸಂಸ್ಕೃತದಿಂದ ಬಂದ ನಮ್ಮ ‘ಪಾದ’ವೂ ಅದರ ದೂರದ ನೆಂಟನೇ), ಪೀಡಿಯಾಟ್ರಿಷಿಯನ್ ಎಂದರೆ ಮಾತ್ರ ಕಾಲಿನ ವೈದ್ಯರಲ್ಲ, ಮಕ್ಕಳ ವೈದ್ಯರು, ಏಕೆಂದರೆ ಅಲ್ಲಿರುವುದು ಮಗು ಎಂಬರ್ಥದ ಗ್ರೀಕ್ ಮೂಲ. ಆದ್ದರಿಂದ ಯಾವುದೇ ಪದವನ್ನು ಗುಂಪಿಗೆ ಸೇರಿಸುವ ಮೊದಲು ಅದರ ಮೂಲವನ್ನು ಕೊಡುವ ನಿಘಂಟನ್ನು ತೆರೆದು ನೋಡಿ, ಆಮೇಲೆ ಸ್ಪೆಲ್ಲಿಂಗನ್ನೂ ಕನ್ನಡ ಅರ್ಥವನ್ನೂ ಒಂದೇ ಸಾಲಿನಲ್ಲಿ ಬರೆಸಿ, ಸಮಾನ ತುಣುಕಿನ ಕೆಳಗೆ ಗೆರೆ ಎಳೆಸಬೇಕಾಗಿ ವಿನಂತಿ.